ಮೂರನೆಯ ಪೆಡಲು

ಇಪ್ಪತ್ತೆರಡು ವರ್ಷದಿಂದ ಜನರಿಗೆ ಕಾರು ಓಡಿಸಲು ಕಲಿಸುತ್ತಿದ್ದೇನೆ. ಕೋಪ ಮೂಗಿನ ತುದಿಯಲ್ಲೇ ಇರುವ ಮನುಷ್ಯ ನಾನು, ಅದನ್ನೇನೂ ಮುಚ್ಚಿಡುವುದಿಲ್ಲ. ಪಕ್ಕದ ಸೀಟಿನಲ್ಲಿ ಕೂತು ನನ್ನ ಕಡೆಯ ಬ್ರೇಕನ್ನು ಗಳಿಗೆಗೊಮ್ಮೆ ತುಳಿಯುತ್ತೇನೆಂದು ಊರಿನ ಮಂದಿ ನನಗೆ ಬ್ರೇಕ್ ಮೇಷ್ಟ್ರು ಅಂತ ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ನನ್ನ ಕೈಯಲ್ಲಿ ಕಲಿತವರು ಯಾರ ಮೇಲೂ ಗಾಡಿ ಹತ್ತಿಸಿಲ್ಲ. ಬಸ್ ನಿಲ್ದಾಣದ ಹತ್ತಿರ ಇನ್ನೊಬ್ಬ ಇದ್ದಾನೆ, ಶಿಷ್ಯರು ರಬ್ಬರ್ ಚಪ್ಪಲಿ ಹಾಕಿಕೊಂಡು ಬಂದರೂ ಹಲ್ಲುಕಿರಿದು ಸ್ಟೀರಿಂಗ್ ಮುಂದೆ ಕೂರಿಸುತ್ತಾನೆ. ಅವನನ್ನು ನಾನು ಚಪ್ಪಲಿ ಮೇಷ್ಟ್ರು ಅಂತಲೇ ಕರೆಯುವುದು. ಎದುರು ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತೇನೆ.

ನನ್ನ ಡ್ರೈವಿಂಗ್ ಸ್ಕೂಲಿನಲ್ಲಿ ಒಂದು ನಿಯಮವಿದೆ. ಸ್ಟೀರಿಂಗ್ ಯಾರ ಕೈಯಲ್ಲಿದೆಯೋ ತಪ್ಪು ಅವರದು. ನಾಯಿ ಅಡ್ಡ ಬಂತು, ಬಿಸಿಲು ಕಣ್ಣಿಗೆ ಹೊಡೆಯಿತು, ಹಿಂದಿನವನು ಹಾರ್ನ್ ಮಾಡಿ ಗಾಬರಿ ಮಾಡಿದ, ಈ ಕತೆಗಳೆಲ್ಲ ನನ್ನ ಹತ್ತಿರ ನಡೆಯುವುದಿಲ್ಲ. ಎಡವಟ್ಟು ಮಾಡಿದರೆ ಇಂಜಿನ್ ಆಫ್ ಮಾಡಿ ‘ತಪ್ಪು ನನ್ನದು’ ಅನ್ನಬೇಕು. ಆಮೇಲೆಯೇ ಗಾಡಿ ಮತ್ತೆ ಸ್ಟಾರ್ಟ್. ಬಾಯೊಳಗೆ ಗೊಣಗಿದರೆ, ‘ಕೇಳಿಸ್ಲಿಲ್ಲ, ಜೋರಾಗಿ’ ಅನ್ನುತ್ತೇನೆ. ಬ್ಯಾಂಕಿನ ಮ್ಯಾನೇಜರಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರೂ ನಡುರಸ್ತೆಯಲ್ಲಿ ಹಾಗೆ ಕೂಗಿದ್ದಾರೆ.

ಅಕ್ಕನೂ ಕೂಗಿದ್ದಾಳೆ. ಅವಳಿಗೆ ಈಗ ನಲವತ್ತೊಂಬತ್ತು, ನನಗಿಂತ ಐದು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ನಮ್ಮ ಮನೆಯ ಮಹಡಿ ಕೋಣೆಯಲ್ಲೇ ಇದ್ದಾಳೆ. ಹನ್ನೊಂದು ವರ್ಷದಿಂದ ಒಂದು ಶಾಲೆಯ ವ್ಯಾನಿನಲ್ಲಿ ಆಯಾ ಕೆಲಸ. ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ಮರೆತ ನೀರಿನ ಬಾಟಲಿಗಳನ್ನು ಯಾರದ್ದು ಯಾರದ್ದು ಅಂತ ನೆನಪಿಟ್ಟು ಮನೆಗೆ ತಲುಪಿಸುವುದು. ವ್ಯಾನಿನ ಡ್ರೈವರ್ ಈ ತಿಂಗಳ ಕೊನೆಗೆ ನಿವೃತ್ತಿ. ‘ಅಷ್ಟರೊಳಗೆ ಲೈಸೆನ್ಸ್ ತಗೊಂಡು ಬಂದ್ರೆ ಆ ಸೀಟು ನಿಮ್ಮದೇ’ ಎಂದು ಹೆಡ್‌ಮಿಸ್ಸು ಹೇಳಿದ್ದರು. ಆ ಸಂಜೆ ಅಕ್ಕ ಮೆಟ್ಟಿಲನ್ನು ಎರಡೆರಡು ಹತ್ತಿಕೊಂಡು ಬಂದಳು, ಅವಳ ಮಂಡಿನೋವು ಎಲ್ಲಿ ಹೋಯಿತೋ ದೇವರೇ ಬಲ್ಲ.

ಕಲಿಯುವುದರಲ್ಲಿ ಅವಳು ಚುರುಕು. ನಾನು ರೇಗಿದರೆ, ‘ಆಯ್ತು ಮೇಷ್ಟ್ರೇ, ಸಿಟ್ಟು ಸಾಕು, ಈಗ ಯಾವ ಗೇರು ಅದನ್ನ ಹೇಳಿ’ ಎನ್ನುತ್ತಿದ್ದಳು. ಕಾರಿನೊಳಗೆ ಬಹುವಚನ, ಮನೆಗೆ ಬಂದರೆ ‘ಲೋ, ಚಪ್ಪಲಿ ಆಚೆ ಬಿಡೋ’. ನನಗೆ ಸೈಕಲ್ ಕಲಿಸಿದವಳು ಅವಳೇ. ಹಿಂದಿನಿಂದ ಸೀಟು ಹಿಡಿದುಕೊಂಡು ಏದುಸಿರು ಬಿಡುತ್ತ ಓಡಿ ಬರುತ್ತಿದ್ದಳು. ‘ಈಗ ಬಿಡ್ತೀನಿ ನೋಡು’ ಎಂದು ಹೇಳದೆ ಒಂದು ದಿನವೂ ಕೈಬಿಟ್ಟವಳಲ್ಲ.

ಇನ್ನು ನನ್ನ ಕಾರಿನ ವಿಷಯ. ಕಲಿಸುವ ಕಾರುಗಳಲ್ಲಿ ಮೇಷ್ಟ್ರ ಕಾಲ ಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಕಾನೂನು ಒಪ್ಪುವುದು ಅವೆರಡನ್ನೇ. ನನ್ನ ಕಾರಿನಲ್ಲಿ ಮೂರನೆಯದೊಂದಿದೆ, ಆಕ್ಸಿಲರೇಟರ್. ಏರಿನಲ್ಲಿ ಶಿಷ್ಯರು ಇಂಜಿನ್ ಆಫ್ ಮಾಡಿಕೊಂಡು ಕಣ್ಣು ಕಣ್ಣು ಬಿಡುವುದನ್ನು ನೋಡಿ ನೋಡಿ ತಲೆಕೆಟ್ಟು, ನಾಲ್ಕು ವರ್ಷದ ಹಿಂದೆ ಒಬ್ಬ ಮೆಕ್ಯಾನಿಕ್ ಕೈಲಿ ಕದ್ದು ಹಾಕಿಸಿಕೊಂಡಿದ್ದೆ. ವರ್ಷಕ್ಕೊಮ್ಮೆ ಕಾರು ತಪಾಸಣೆಗೆ ಹೋಗುವ ಹಿಂದಿನ ದಿನ ಅದನ್ನು ಬಿಚ್ಚಿಡುತ್ತೇನೆ. ಗೊತ್ತಾದರೆ ಸ್ಕೂಲಿನ ಪರವಾನಗಿ ರದ್ದು. ನನ್ನ ಸೀಟಿನಲ್ಲಿ ಬೇರೆ ಯಾರನ್ನೂ ಕೂರಿಸುವುದಿಲ್ಲ. ಅಕ್ಕನಿಗೂ ಹೇಳಿರಲಿಲ್ಲ.

ಹತ್ತೊಂಬತ್ತು ದಿನದ ಹಿಂದೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಆಸ್ಪತ್ರೆ ಮುಂದಿನ ಸಿಗ್ನಲ್ ಹತ್ತಿರ ಬರುತ್ತಿದ್ದೆವು. ಹಳದಿ ಬಿತ್ತು. ಅಕ್ಕ ಆಕ್ಸಿಲರೇಟರಿಂದ ಕಾಲು ತೆಗೆದು ಬ್ರೇಕಿನ ಕಡೆ ಒಯ್ಯುತ್ತಿದ್ದಳು. ನಾನು ಕಲಿಸಿದ ಹಾಗೇ, ಅಷ್ಟೂ ಸರಿಯಾಗಿ. ಆದರೆ ಹತ್ತೂಕಾಲಿಗೆ ಇನ್ನೊಬ್ಬ ಶಿಷ್ಯ ಕಾಯುತ್ತಿದ್ದ, ಆ ಸಿಗ್ನಲ್ ಒಮ್ಮೆ ಕೆಂಪಾದರೆ ಯುಗ ಕಳೆದರೂ ಬಿಡುವುದಿಲ್ಲ. ‘ಹೋಗ್ಬಹುದು, ಹೋಗು!’ ಎಂದು ಕೂಗಿ ನನ್ನ ಕಡೆಯ ಮೂರನೆಯ ಪೆಡಲನ್ನು ಒತ್ತಿಬಿಟ್ಟೆ. ಇಂಜಿನ್ ಗುರ್ ಎಂದಿತು, ಕಾರು ನೆಗೆಯಿತು, ಅಷ್ಟರಲ್ಲಿ ಕೆಂಪು. ಬಿಳಿ ಪಟ್ಟೆಯ ಮೇಲೆ ದಾಟುತ್ತಿದ್ದ ಮುದುಕರೊಬ್ಬರು ಹಿಂದಕ್ಕೆ ಹಾರಿ ತಮ್ಮ ಔಷಧಿ ಚೀಟಿಗಳನ್ನೆಲ್ಲ ರಸ್ತೆಗೆ ಚೆಲ್ಲಿಕೊಂಡರು. ಬ್ರೇಕ್ ಒತ್ತಿದ್ದು ಅಕ್ಕನೋ ನಾನೋ, ಇಬ್ಬರೂ ಒತ್ತಿದೆವೋ ಏನೋ. ಮುದುಕರಿಗೆ ಏನೂ ಆಗಲಿಲ್ಲ, ಪುಣ್ಯ.

ಟ್ರಾಫಿಕ್ ಪೇದೆ ಓಡಿ ಬಂದ. ಪರಿಚಯದವನೇ. ‘ಏನ್ ಮೇಷ್ಟ್ರೇ, ನೀವು ಪಕ್ಕದಲ್ಲಿ ಕೂತಿದ್ದೂ ಹೀಗಾಯ್ತಾ?’ ಎಂದ.

‘ಹೊಸಬರು,’ ಎಂದೆ. ‘ಗಾಬರಿಯಲ್ಲಿ ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರ್ ತುಳಿದ್ರು.’

ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಯೋಚಿಸಿದ್ದರೆ ಇನ್ನೊಂಚೂರು ಕಡಿಮೆ ನಾಚಿಕೆಯಾಗುತ್ತಿತ್ತೇನೋ. ಬಾಯಿಗೆ ತಾನಾಗಿ ಬಂತು, ಬಾಯಲ್ಲೇ ಸಿದ್ಧವಾಗಿತ್ತು ಎಂಬ ಹಾಗೆ. ಅಕ್ಕ ನನ್ನ ಮುಖ ನೋಡಿದಳು. ನಂತರ ತನ್ನ ಕಾಲು ನೋಡಿಕೊಂಡಳು. ಆಮೇಲೆ ಇಂಜಿನ್ ಆಫ್ ಮಾಡಿ, ನಿಯಮದ ಪ್ರಕಾರ, ಇಡೀ ಸಿಗ್ನಲ್ಲಿಗೆ ಕೇಳುವಂತೆ ಹೇಳಿದಳು, ‘ತಪ್ಪು ನನ್ನದು.’

ಪೇದೆ ಅವಳ ಹೆಸರಿಗೆ ಚೀಟಿ ಬರೆದ. ಕೋರ್ಟಿಗೆ ಹಾಜರಾಗಬೇಕು ಎಂದ.

ಕೋರ್ಟಿನ ದಿನ ಬರುವವರೆಗೆ, ಆ ಹತ್ತೊಂಬತ್ತು ದಿನ, ಅಕ್ಕ ಊಟಕ್ಕೆ ಕೂತಾಗಲೂ ಮೇಜಿನ ಕೆಳಗೆ ಕಾಲು ಆಡಿಸುತ್ತಿದ್ದಳು. ‘ಇದು ಬ್ರೇಕು, ಇದು ಆಕ್ಸಿಲರೇಟರು’ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುವುದು ನನ್ನ ಕಿವಿಗೆ ಬೀಳುತ್ತಿತ್ತು. ‘ಕಾಲು ಬ್ರೇಕಿನ ಮೇಲೇ ಇತ್ತು ಅನ್ಸುತ್ತೆ ಕಣೋ. ಆದ್ರೆ ಗಾಡಿ ನೆಗೀತಲ್ಲ. ನನ್ನ ಕಾಲೇ ನನ್ನ ಮಾತು ಕೇಳಲ್ಲ ಅಂದ್ರೆ ಹೇಗೋ?’ ಎಂದು ಒಂದು ದಿನ ಕೇಳಿದಳು. ನಾನು ಪತ್ರಿಕೆ ಓದುತ್ತಿರುವವನ ಹಾಗೆ ಹಾಳೆ ತಿರುವಿದೆ. ‘ವಯಸ್ಸಾಯ್ತಲ್ಲ, ಆಗುತ್ತೆ’ ಎಂದೆ. ಹಾಗೆ ಎಂದೆ ನಾನು! ಈಗ ಬರೆಯುವಾಗ ಮೈಯೆಲ್ಲ ಮುದುಡಿಕೊಳ್ಳುತ್ತದೆ.

ಕೋರ್ಟಿನ ಹಿಂದಿನ ದಿನ ಇನ್ನೂ ಒಂದು ಹೆಜ್ಜೆ ಕೆಳಗಿಳಿದೆ. ‘ನಾಳೆ ಮ್ಯಾಜಿಸ್ಟ್ರೇಟು ಏನ್ ಕೇಳಿದ್ರೂ ಇದ್ದದ್ದು ಇದ್ದ ಹಾಗೆ ಹೇಳಿಬಿಡು. ಮೇಷ್ಟ್ರು ಹೋಗು ಅಂದ್ರು ಅಂತ ಬೇಕಾದ್ರೂ ಹೇಳು. ಸ್ಕೂಲಿನ ಮೇಲೆ ಬರುತ್ತೆ ಅಷ್ಟೇ. ನಿನ್ನಿಷ್ಟ’ ಎಂದೆ. ಆ ‘ನಿನ್ನಿಷ್ಟ’ ಇದೆಯಲ್ಲ, ಅದನ್ನು ಹೇಳುವಾಗ ನನಗೆ ಚೆನ್ನಾಗಿ ಗೊತ್ತಿತ್ತು ಅವಳ ಇಷ್ಟ ಏನಾಗುತ್ತದೆಂದು.

‘ಥೂ, ನೀನು ಹೋಗು ಅಂದ್ರೆ ಕೆಂಪಲ್ಲೂ ಹೋಗೋಕೆ ನನಗೇನು ಬುದ್ಧಿ ಇಲ್ವಾ?’ ಎಂದು ಅಕ್ಕ ನಕ್ಕಳು. ‘ಸ್ಟೀರಿಂಗ್ ನನ್ನ ಕೈಲಿತ್ತು. ಸುಮ್ನೆ ಮಲ್ಕೋ ಹೋಗು.’

ಪೆಡಲನ್ನು ಬಿಚ್ಚಿಡಲೇ ಎಂದು ಯೋಚಿಸಿದೆ. ಬಿಚ್ಚಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎನಿಸಿತು. ಯಾರೂ ನೋಡದಿದ್ದರೂ ನನಗೆ ನಾನು ಒಪ್ಪಿಕೊಂಡ ಹಾಗೆ. ಹಾಗೇ ಬಿಟ್ಟೆ.

ನಮ್ಮ ಕೋರ್ಟು ಹಳೆಯ ಗೋದಾಮಿನ ಮೇಲಿನ ಮಹಡಿ. ಮೆಟ್ಟಿಲ ಸಂದಿಯಲ್ಲಿ ಮುರಿದ ಕುರ್ಚಿಗಳ ರಾಶಿ, ಗೋಡೆಯ ತುಂಬ ನೋಟೀಸು, ಒಳಗೆ ಆರು ಬೆಂಚು. ಒಂದು ಫ್ಯಾನು ತಿರುಗಿದರೆ ಇನ್ನೊಂದು ತಿರುಗುವುದಿಲ್ಲ. ಸಿಗ್ನಲ್ ಹಾರಿದವರು, ಮೂವರು ಕೂತು ಬೈಕ್ ಓಡಿಸಿದವರು, ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡವರು, ಎಲ್ಲರೂ ಶಾಲೆಯಲ್ಲಿ ಹೋಂವರ್ಕ್ ಮಾಡದವರ ಹಾಗೆ ಸಾಲಾಗಿ ಕೂತಿದ್ದರು. ಬೆಂಚ್ ಕ್ಲರ್ಕು ನನ್ನ ಹಳೆಯ ಶಿಷ್ಯ. ನನ್ನನ್ನು ನೋಡಿದ್ದೇ ಎದ್ದು ನಿಂತ.

‘ಅಯ್ಯೋ, ಬ್ರೇಕ್ ಮೇಷ್ಟ್ರು! ನೀವು ಕೋರ್ಟಿಗಾ? ಪ್ರಳಯ ಆಯ್ತು ಬಿಡಿ!’ ಬೆಂಚಿನವರೆಲ್ಲ ನಕ್ಕರು. ಅವನು ಅವರ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದ, ‘ಇವರ ಹತ್ರ ಕಲಿತಿದ್ರೆ ನೀವ್ಯಾರೂ ಇಲ್ಲಿಗೆ ಬರ್ತಿರಲಿಲ್ಲ. ತಪ್ಪು ಮಾಡಿದ್ರೆ ರಸ್ತೇಲಿ ಕೂಗಿಸ್ತಾರೆ. ನಾನೂ ಕೂಗಿದೀನಿ, ಮೀನು ಮಾರ್ಕೆಟ್ಟಿನ ಮುಂದೆ.’

‘ನನ್ನದಲ್ಲ,’ ಎಂದೆ. ‘ಅಕ್ಕನ ಕೇಸು.’ ಎಷ್ಟು ಬೇಗ ಹೇಳಿದೆ ನೋಡಿ, ಒಂದು ಉಸಿರೂ ತಡೆಯಲಿಲ್ಲ.

ಮ್ಯಾಜಿಸ್ಟ್ರೇಟ್ ಈಚೆಗೆ ಬಂದವರು, ಮೂವತ್ತೈದರ ಹೆಂಗಸು. ಗಂಟಲು ಕಟ್ಟಿತ್ತೋ ಏನೋ, ಫ್ಲಾಸ್ಕಿನಿಂದ ಬಿಸಿನೀರು ಕುಡಿಯುತ್ತ ಒಂದೊಂದೇ ಚೀಟಿ ಮುಗಿಸುತ್ತಿದ್ದರು. ಅಕ್ಕನ ಸರದಿ ಬಂತು. ಶಾಲೆಯ ವಾರ್ಷಿಕೋತ್ಸವಕ್ಕೆ ಮಾತ್ರ ಉಡುವ ನೀಲಿ ಸೀರೆ ಉಟ್ಟುಕೊಂಡು ಬಂದಿದ್ದಳು. ಕಟಕಟೆಯ ಹತ್ತಿರ ಹೋಗಿ ಚಪ್ಪಲಿ ಬಿಡಬೇಕೇನೋ ಎಂದು ಒಂದು ಗಳಿಗೆ ಅನುಮಾನಿಸಿ, ಬಿಡದೆ ನಿಂತಳು.

‘ಕೆಂಪು ದೀಪ ದಾಟಿದೀರಿ. ಪಾದಚಾರಿ ಒಬ್ರು ಸ್ವಲ್ಪದರಲ್ಲೇ ಉಳ್ಕೊಂಡಿದ್ದಾರೆ. ಏನು ಹೇಳ್ತೀರಿ?’

‘ತಪ್ಪು ನನ್ನದು ಮೇಡಂ,’ ಎಂದಳು ಅಕ್ಕ, ಜೋರಾಗಿ. ಕ್ಲರ್ಕು ನನ್ನತ್ತ ನೋಡಿ ಮುಗುಳ್ನಕ್ಕ. ಇವರೂ ನಿಮ್ಮ ಶಿಷ್ಯರೇ ಸರಿ ಎಂಬ ಹಾಗೆ.

‘ಕಲಿಸೋರು ಪಕ್ಕದಲ್ಲಿದ್ರಲ್ಲ, ಬಂದಿದ್ದಾರಾ?’

ಎದ್ದು ನಿಂತೆ.

‘ನೀವೇನಾದ್ರೂ ಹೇಳೋದಿದೆಯಾ?’

ಇಷ್ಟು ಸಲೀಸಾಗಿ, ಬಾಗಿಲು ತೆರೆದು ಹಿಡಿದ ಹಾಗೆ, ಇನ್ನು ಯಾರು ಕೇಳುತ್ತಾರೆ ಹೇಳಿ? ‘ಇಲ್ಲ ಮೇಡಂ. ಪಾಪ, ಹೊಸಬರು. ಗಾಬರಿಯಾದ್ರು. ಸ್ವಲ್ಪ ದಯೆ ತೋರಿಸ್ಬೇಕು’ ಎಂದೆ. ನನ್ನದೇ ತಪ್ಪಿಗೆ ಅಕ್ಕನ ಪರವಾಗಿ ದಯೆ ಕೇಳಿದೆ. ಅಕ್ಕ ನನ್ನ ಕಡೆ ತಿರುಗಿ ಉಪಕಾರವಾಯಿತು ಎಂಬಂತೆ ತಲೆಯಾಡಿಸಿದಳು. ಭೂಮಿ ಬಾಯಿ ಬಿಡಬಾರದೇ ಎಂದು ಜನ ಯಾಕೆ ಅನ್ನುತ್ತಾರೆಂದು ಆಗ ಗೊತ್ತಾಯಿತು.

ದಂಡ, ಜೊತೆಗೆ ಆರು ತಿಂಗಳು ಕಲಿಕೆಯ ಲೈಸೆನ್ಸ್ ಅಮಾನತು. ಅಲ್ಲಿಯವರೆಗೆ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ, ಪರೀಕ್ಷೆಗೂ ಕೂರುವ ಹಾಗಿಲ್ಲ. ಬರುವ ಮಂಗಳವಾರವೇ ಅವಳ ಪರೀಕ್ಷೆ ಇತ್ತು.

ಹೊರಗೆ ಬರುವಾಗ ಕ್ಲರ್ಕು ಹೇಳಿದ, ‘ಆದೇಶದ ಪ್ರತಿ ಮೂರು ಗಂಟೆ ಮೇಲೆ ಸಿಗುತ್ತೆ ಮೇಷ್ಟ್ರೇ. ಮೇಡಂ ಬೆಳಿಗ್ಗೆ ಬಾಯಲ್ಲಿ ಹೇಳ್ತಾರೆ, ಟೈಪ್ ಆಗಿ ಸಹಿ ಬೀಳೋದು ಊಟ ಆದ್ಮೇಲೆ. ಸಹಿ ಬಿದ್ಮೇಲೆ ಬನ್ನಿ.’

ಮೆಟ್ಟಿಲಿಳಿಯುತ್ತ ಅಕ್ಕ ಅಳಲಿಲ್ಲ. ‘ಆಗಿದ್ದು ಒಳ್ಳೇದೇ ಆಯ್ತು ಬಿಡು,’ ಎಂದಳು. ‘ಇಪ್ಪತ್ತೆಂಟು ಮಕ್ಕಳನ್ನ ಕೂರಿಸ್ಕೊಂಡಿದ್ದಾಗ ಈ ಕಾಲು ಹೀಗೆ ಮಾಡಿದ್ರೆ ಏನ್ ಗತಿ? ಸಾಯಂಕಾಲ ಹೆಡ್‌ಮಿಸ್ಸಿಗೆ ಹೇಳಿಬಿಡ್ತೀನಿ, ಆರು ತಿಂಗಳಾದ್ಮೇಲೂ ನನಗೆ ಬೇಡ, ಬೇರೆಯವರನ್ನ ನೋಡ್ಕೊಳ್ಳಿ ಅಂತ. ನಾನು ಬಾಟಲಿ ಎಣಿಸ್ಕೊಂಡು ಇರ್ತೀನಿ.’

ನಾನು ಕಾರಿನ ಬಾಗಿಲು ತೆರೆದೆ. ಬರುವಾಗ ಅಕ್ಕ ಆಟೋದಲ್ಲಿ ಬಂದಿದ್ದಳು, ನನಗೆ ಮುಂಜಾನೆ ಪಾಠವಿತ್ತು. ಹಿಂದಿನ ಸೀಟಿನ ತುಂಬ ರಿವರ್ಸ್ ಕಲಿಸುವಾಗ ನೆಲದ ಮೇಲೆ ನಿಲ್ಲಿಸುವ ಕೆಂಪು ಪ್ಲಾಸ್ಟಿಕ್ ಶಂಕುಗಳು ಬಿದ್ದಿದ್ದವು. ಅವನ್ನು ಡಿಕ್ಕಿಗೆ ಹಾಕೋಣವೆಂದು ನಾನು ಹಿಂದೆ ಹೋದೆ. ಅಕ್ಕ ಸ್ಟೀರಿಂಗ್ ಮುಟ್ಟಬಾರದಲ್ಲ, ಸುಮ್ಮನೆ ಮುಂದೆ ಹೋಗಿ ನನ್ನ ಸೀಟಿನಲ್ಲಿ ಕೂತುಬಿಟ್ಟಳು.

‘ಅಲ್ಲಿ ಬೇಡ, ಅಕ್ಕ!’

‘ಯಾಕೋ? ಮೇಷ್ಟ್ರ ಸೀಟಲ್ಲಿ ಕೂತ್ರೆ ಏನ್ ಸವೆದು ಹೋಗುತ್ತಾ?’

ಡಿಕ್ಕಿ ಮುಚ್ಚಿ ಬಂದು ಡ್ರೈವರ್ ಸೀಟಿನಲ್ಲಿ ಕೂತು ಇಂಜಿನ್ ಸ್ಟಾರ್ಟ್ ಮಾಡಿದೆ. ಬೇಗ ಹೊರಟುಬಿಡಬೇಕು ಎನ್ನುವುದಷ್ಟೇ ತಲೆಯಲ್ಲಿತ್ತು. ಅಕ್ಕ ಬಗ್ಗಿ ನೋಡುತ್ತಿದ್ದಳು. ಹತ್ತೊಂಬತ್ತು ದಿನದಿಂದ ಮೇಜಿನ ಕೆಳಗೆ ಆಡಿದ ಕಾಲು, ಸುಮ್ಮನಿರುತ್ತದೆಯೇ?

‘ಇದು ಕ್ಲಚ್ಚು,’ ಎಂದಳು. ‘ಇದು ಬ್ರೇಕು.’ ತಡೆದಳು. ‘ಇದ್ಯಾವುದೋ?’

ಅವಳು ಅದನ್ನು ಒತ್ತಿದಳು. ಗಾಡಿ ನ್ಯೂಟ್ರಲ್‌ನಲ್ಲಿತ್ತು. ಇಂಜಿನ್ ಗುರ್ ಎಂದಿತು. ಅವಳು ಕಾಲು ತೆಗೆದು ಮತ್ತೊಮ್ಮೆ ಒತ್ತಿದಳು. ಅದೇ ಸದ್ದು. ಆ ಸದ್ದನ್ನು ಅವಳು ಮರೆತಿರಲು ಸಾಧ್ಯವೇ ಇರಲಿಲ್ಲ.

ಬೈಯುತ್ತಾಳೆ ಎಂದುಕೊಂಡೆ. ಕೆನ್ನೆಗೆ ಬಾರಿಸಿದ್ದರೂ ತಕರಾರಿರಲಿಲ್ಲ. ಆದರೆ ಅಕ್ಕನ ಮುಖ ಅರಳಿತು. ನಿಜವಾಗಿ ಹೇಳುತ್ತಿದ್ದೇನೆ, ಅರಳಿತು.

‘ಅಂದ್ರೆ ನನ್ನ ಕಾಲು ಸರಿಯಾಗೇ ಇತ್ತು,’ ಎಂದಳು. ‘ಬ್ರೇಕಿನ ಕಡೆಗೇ ಹೋಗ್ತಾ ಇತ್ತು. ಅಲ್ವೇನೋ? ನಾನು ತುಳೀಲಿಲ್ಲ!’ ಎರಡೂ ಕೈಯಿಂದ ತನ್ನ ಮಂಡಿಯನ್ನು ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು. ‘ಇಷ್ಟು ದಿನ ಸುಮ್ಸುಮ್ನೆ ಇದನ್ನ ಬೈಕೊಂಡೆನಲ್ಲೋ.’

ನಂತರ ನಗು ನಿಧಾನವಾಗಿ ಇಳಿಯಿತು. ನನ್ನ ವಿಷಯ ಅವಳ ತಲೆಗೆ ಬಂದದ್ದು ಆಗ. ನನ್ನತ್ತ ತಿರುಗಿದಳು. ‘ನಿನಗೆ ಗೊತ್ತಿತ್ತು,’ ಎಂದಳು. ಅಷ್ಟೇ. ಬಾಗಿಲು ತೆರೆದು ಇಳಿದು, ಕೋರ್ಟಿನ ಎದುರಿನ ಬಸ್ ತಂಗುದಾಣಕ್ಕೆ ಹೋಗಿ ಕಲ್ಲಿನ ಬೆಂಚಿನ ಮೇಲೆ ಕೂತಳು.

ಗಂಟೆ ಎರಡೂ ಹತ್ತು. ಇಂಜಿನ್ ಇನ್ನೂ ಓಡುತ್ತಲೇ ಇತ್ತು. ನಾನು ದೊಡ್ಡ ಮನಸ್ಸು ಮಾಡಿ ಎದ್ದೆ ಎಂದು ಬರೆಯಲಾರೆ. ಇಪ್ಪತ್ತು ನಿಮಿಷ ಅಲ್ಲೇ ಕೂತಿದ್ದೆ. ಅಕ್ಕ ಯಾರಿಗೂ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳು ಹೇಳಿಬಿಡುವವಳಾಗಿದ್ದರೆ ನಾನು ಇನ್ನೊಂದು ಸುಳ್ಳು ಹುಡುಕುತ್ತಿದ್ದೆನೇನೋ. ಹೇಳುವುದಿಲ್ಲವಲ್ಲ, ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಬಾಗಿಲಿನ ಕನ್ನಡಿಯಲ್ಲಿ ನೀಲಿ ಸೀರೆ ಕಾಣುತ್ತಿತ್ತು. ಅವಳು ಕೂತಲ್ಲೇ ಬಲಗಾಲನ್ನು ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದಳು. ಕೊನೆಗೆ ಇಂಜಿನ್ ಆಫ್ ಮಾಡಿದೆ.

ಮೇಲೆ ಹೋದಾಗ ಮ್ಯಾಜಿಸ್ಟ್ರೇಟ್ ಊಟ ಮುಗಿಸಿ ಸಹಿಗೆ ಕೂತಿದ್ದರು. ಟೈಪಾದ ಆದೇಶಗಳ ಕಟ್ಟನ್ನು ಕ್ಲರ್ಕು ಒಂದೊಂದಾಗಿ ಮುಂದಿಡುತ್ತಿದ್ದ. ಮಧ್ಯಾಹ್ನದ ಕೇಸಿನವರು ಬೆಂಚುಗಳನ್ನು ತುಂಬಿಕೊಂಡಿದ್ದರು. ‘ಇನ್ನೂ ಆಗಿಲ್ಲ ಮೇಷ್ಟ್ರೇ, ಹೊರಗೆ ಕೂತಿರಿ’ ಎಂದ ಕ್ಲರ್ಕು. ನಾನು ನೇರ ಕಟಕಟೆಯ ಹತ್ತಿರ ಹೋಗಿ ನಿಂತೆ. ಮ್ಯಾಜಿಸ್ಟ್ರೇಟ್ ಪೆನ್ನು ಹಿಡಿದುಕೊಂಡೇ ತಲೆಯೆತ್ತಿದರು.

‘ಏನು?’

ಬಾಯೊಳಗೆ ಏನೋ ಅಂದೆ.

‘ಕೇಳಿಸ್ಲಿಲ್ಲ,’ ಎಂದರು ಅವರು. ‘ಜೋರಾಗಿ ಹೇಳಿ.’

ಅವರಿಗೆ ನನ್ನ ನಿಯಮದ ಬಗ್ಗೆ ಏನೂ ಗೊತ್ತಿರಲಿಲ್ಲ. ಕ್ಲರ್ಕಿಗೆ ಗೊತ್ತಿತ್ತು. ಅವನ ಮುಖದ ನಗು ಅರ್ಧಕ್ಕೇ ನಿಂತಿತು.

‘ತಪ್ಪು ನನ್ನದು,’ ಎಂದೆ. ಎಷ್ಟು ಜೋರಾಗಿತ್ತೆಂದರೆ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವನೊಬ್ಬ ಎದ್ದು ನಿಂತುಬಿಟ್ಟ. ಆಮೇಲೆ ಎಲ್ಲವನ್ನೂ ಹೇಳಿದೆ. ಮೂರನೆಯ ಪೆಡಲು, ಮೆಕ್ಯಾನಿಕ್ಕು, ತಪಾಸಣೆಯ ಹಿಂದಿನ ದಿನ ಬಿಚ್ಚಿಡುವುದು, ಪೇದೆಗೆ ಹೇಳಿದ ಸುಳ್ಳು, ಬೆಳಿಗ್ಗೆ ಇದೇ ಜಾಗದಲ್ಲಿ ನಿಂತು ಹೇಳಿದ ಸುಳ್ಳು. ‘ವಯಸ್ಸಾಯ್ತಲ್ಲ’ ಅಂದದ್ದನ್ನೂ ಹೇಳಿದೆ, ಅದು ಕೋರ್ಟಿಗೆ ಬೇಕಿರಲಿಲ್ಲ.

ಮ್ಯಾಜಿಸ್ಟ್ರೇಟ್ ಕಟ್ಟಿನಿಂದ ಅಕ್ಕನ ಆದೇಶವನ್ನು ಹುಡುಕಿ ತೆಗೆದು ಅಡ್ಡಗೆರೆ ಎಳೆದರು. ಅವಳ ಮೇಲೆ ಏನೂ ಇಲ್ಲ, ಪರೀಕ್ಷೆಗೆ ಕೂರಬಹುದು ಎಂದರು. ಕಾರನ್ನು ವಶಕ್ಕೆ ತೆಗೆದುಕೊಳ್ಳಲು ಹೇಳಿದರು. ಸ್ಕೂಲಿನ ಪರವಾನಗಿ ಏನಾಗಬೇಕೆಂದು ಸಾರಿಗೆ ಕಚೇರಿ ತೀರ್ಮಾನಿಸುತ್ತದೆ, ಅಲ್ಲಿಯವರೆಗೆ ಯಾರಿಗೂ ಕಲಿಸಬಾರದು. ನನ್ನ ಮೇಲಿನ ಕೇಸಿಗೆ ಬೇರೆ ದಿನ. ‘ಬೆಳಿಗ್ಗೆ ಕೇಳಿದ್ದೆನಲ್ಲ ನಾನು,’ ಎಂದರು ಕೊನೆಗೆ, ಬೇಸರದಿಂದ. ಕಾರಿನ ಕೀಲಿಯನ್ನು ಕ್ಲರ್ಕಿನ ಮೇಜಿನ ಮೇಲಿಟ್ಟೆ. ಅವನು ನನ್ನ ಮುಖ ನೋಡದೆ ತೆಗೆದುಕೊಂಡ.

ಕೆಳಗೆ ಬಂದು ಅಕ್ಕನಿಗೆ ಹೇಳಿದೆ. ‘ಹೂಂ’ ಎಂದಳು. ಮನೆ ಕಡೆ ನಡೆದೆವು, ಅವಳು ಮುಂದೆ, ನಾನು ಹಿಂದೆ. ಆಸ್ಪತ್ರೆಯ ಸಿಗ್ನಲ್ಲಿನಲ್ಲಿ ದಾಟುವವರಿಗೆ ಕೆಂಪಿತ್ತು. ಗಾಡಿ ಒಂದೂ ಬರುತ್ತಿರಲಿಲ್ಲ, ಆದರೂ ಅಕ್ಕ ನಿಂತಳು. ನಾನೂ ನಿಂತೆ.

‘ಅಕ್ಕ,’ ಎಂದೆ. ‘ಬೈದಾದ್ರೂ ಬಿಡು.’

‘ಮಂಗಳವಾರಕ್ಕೆ ನಾಲ್ಕು ದಿನ ಇದೆ,’ ಎಂದಳು ದೀಪ ನೋಡುತ್ತ. ‘ಇನ್ನೂ ರಿವರ್ಸ್ ಸರಿಯಾಗಿ ಬರಲ್ಲ. ನನಗೆ ಬೇರೆ ಮೇಷ್ಟ್ರನ್ನ ನೋಡು.’

‘ಸಾರಿಗೆಯವರ ಹತ್ರ ಮಾತಾಡಿ, ನಾನೇ ಹೇಗಾದ್ರೂ...’

‘ಪರವಾನಗಿ ಇದ್ರೂ ನಿನ್ನ ಪಕ್ಕ ಕೂರಲ್ಲ ಕಣೋ,’ ಎಂದಳು. ಕೋಪವಿರಲಿಲ್ಲ ದನಿಯಲ್ಲಿ. ‘ನಾನು ಮಾಡಿದ್ದು ಯಾವುದು, ನೀನು ಮಾಡಿದ್ದು ಯಾವುದು, ಹೇಗೆ ಗೊತ್ತಾಗಬೇಕು ನನಗೆ?’ ಹಸಿರು ಬಿತ್ತು, ದಾಟಿಕೊಂಡು ಹೋದಳು.

ಬಸ್ ನಿಲ್ದಾಣದ ಹತ್ತಿರ ಹೋದಾಗ ಐದು ಗಂಟೆ. ಚಪ್ಪಲಿ ಮೇಷ್ಟ್ರು ತನ್ನ ಸ್ಕೂಲಿನ ಮುಂದೆ ಕಾರಿನ ಗಾಜು ಒರೆಸುತ್ತಿದ್ದ. ಒಳಗೆ ಐದಾರು ಜನ ಶಿಷ್ಯರು ಫಾರಂ ತುಂಬುತ್ತಿದ್ದರು. ನಾನು ಅವನ ಕಾರಿನೊಳಗೆ ಬಗ್ಗಿ ನೋಡಿದೆ. ಪಕ್ಕದ ಸೀಟಿನ ಬುಡದಲ್ಲಿ ಎರಡೇ ಪೆಡಲು.

‘ನಮ್ಮಕ್ಕನಿಗೆ ನಾಲ್ಕು ದಿನ ಕಲಿಸ್ಬೇಕು,’ ಎಂದೆ. ‘ಮಂಗಳವಾರ ಪರೀಕ್ಷೆ.’

ಅವನು ಬಟ್ಟೆ ಹಿಡಿದುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದ. ‘ನಿಮ್ಮಕ್ಕನಿಗೆ ನಾನಾ? ಏನ್ ತಮಾಷೆ ಮಾಡ್ತಿದ್ದೀರಾ? ನೀವಿದ್ದೀರಲ್ಲ, ನೀವ್ಯಾಕೆ ಕಲಿಸಬಾರದು?’

ಒಳಗಿನ ಶಿಷ್ಯರು ಬರೆಯುವುದನ್ನು ನಿಲ್ಲಿಸಿದರು. ಯಾಕೆಂದು ಹೇಳಿದೆ. ಈ ಸಲ ಯಾರೂ ‘ಜೋರಾಗಿ’ ಎನ್ನಬೇಕಾಗಲಿಲ್ಲ.